ಚಪ್ಪಾಳೆ ದೀಪ

ಗೌರೀಶ ಒಂದು ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅಡಾಪ್ಟರನ್ನು ಪ್ಲಗ್ಗಿಗೆ ಸಿಕ್ಕಿಸಿದ. ದೀಪ ಹತ್ತಿತು. ಆರಿತು. ಮತ್ತೆ ಹತ್ತಿತು. ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಅದು ಅವನು ತಿಂಗಳಿನಿಂದ ಕೂತು ಮಾಡಿ, ಮೊನ್ನೆ ರಾತ್ರಿಯಷ್ಟೇ ಬೆಸೆದು ಮುಗಿಸಿದ ಚಪ್ಪಾಳೆ ದೀಪ. ಒಮ್ಮೆ ತಟ್ಟಿದರೆ ಹತ್ತಬೇಕು, ಇನ್ನೊಮ್ಮೆ ತಟ್ಟಿದರೆ ಆರಬೇಕು, ನಡುವೆ ತೆಪ್ಪಗಿರಬೇಕು. ಚಪ್ಪಾಳೆ ಕೇಳಿಸಿಕೊಳ್ಳಲು ಕಡಲೆಕಾಳಿನಷ್ಟು ಒಂದು ಮೈಕು, ಹಿಂದೆ ಒಂದಿಷ್ಟು ತಂತಿ, ತುದಿಗೊಂದು ಬಲ್ಬು. ನಿನ್ನೆ ಲೈನು ದುರಸ್ತಿ ಎಂದು ದಿನವಿಡೀ ಕರೆಂಟಿರಲಿಲ್ಲ. ಓಣಿಗೆ ಓಣಿಯೇ ಏನೋ ಕಳೆದುಕೊಂಡವರ ಹಾಗೆ ಕಟ್ಟೆಯ ಮೇಲೆ ಕೂತಿತ್ತು. ಗೌರೀಶ ಮಾತ್ರ ಬ್ಯಾಟರಿ ಹಚ್ಚಿಕೊಂಡು ಅಂಗೈ ಕೆಂಪಾಗುವವರೆಗೆ ತಟ್ಟಿ ನೋಡಿದ್ದ. ಒಂದು ಸಲವೂ ದೀಪ ತಪ್ಪಿರಲಿಲ್ಲ.

ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಮುಂದಿನ ಕೋಣೆಯ ಮೂಲೆಯ ಒಂದು ಟೇಬಲ್ಲು. ಅದರ ಮೇಲೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಹೊಟ್ಟೆ ಬಗೆದ ರೇಡಿಯೋಗಳು. ವಾರವೆಲ್ಲ ಹೆಡ್‌ಮಾಸ್ತರರ ಬಾಯಿಗೆ ಸಿಕ್ಕು ಹೈರಾಣಾದ ಜೀವ ಭಾನುವಾರ ಅಲ್ಲಿ ಕೂತು ತಣ್ಣಗಾಗುತ್ತಿತ್ತು. ಈಗ ಅದಕ್ಕೂ ಸಂಚಕಾರ ಬಂದಿತ್ತು. ಅತ್ತೆ ಕಸ್ತೂರೆವ್ವ ಮೊಣಕಾಲಿನ ಉಪಚಾರಕ್ಕೆಂದು ಹುನ್ನೂರಿನಿಂದ ಆ ಸಂಜೆಯೇ ಬರುವವಳಿದ್ದಳು. ತಿಂಗಳುಗಟ್ಟಲೆ ಇರುವವಳು. ಮುಂದಿನ ಕೋಣೆ ಅವಳಿಗೆ ಎಂದು ಹೆಂಡತಿ ದಾನೇಶ್ವರಿ ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದಳು. ಟೇಬಲ್ಲಿನ ಗತಿ ಏನೆಂದು ಕೇಳಿದರೆ ಗುಜರಿ ಎಂದಳು. ಅತ್ತೆ ಎದ್ದು ಸ್ವಿಚ್ಚಿನವರೆಗೆ ನಡೆಯದೆ, ಮಲಗಿದಲ್ಲೇ ದೀಪ ಹಚ್ಚುವಂತೆ ಮಾಡಿಕೊಡುತ್ತೇನೆ ಎಂದು ಗೌರೀಶ ಗೋಗರೆದು ರಾಜಿ ಮಾಡಿಕೊಂಡಿದ್ದ.

"ಅವ್ವ ಬರೂದ್ರೊಳಗ ಅದು ನೆಟ್ಟಗ ಹತ್ತಿದ್ರ ನಿಮ್ಮ ಟೇಬಲ್ ಮೂಲ್ಯಾಗ ಇರ್ಲಿ," ಎಂದಿದ್ದಳು ದಾನೇಶ್ವರಿ. "ಇಲ್ಲಂದ್ರ ನಾಳೆ ಗುಜರಿಯವನ್ನ ಕರಸ್ತೇನಿ ನೋಡ್ರಿ."

ನಿನ್ನೆ ಬ್ಯಾಟರಿ, ಇವತ್ತು ಅಡಾಪ್ಟರ್. ಹಾಗಾದರೆ ತಪ್ಪು ಅಡಾಪ್ಟರಿನದೇ ಎಂದು ಗೌರೀಶ ಲೆಕ್ಕ ಹಾಕಿದ. ಕರೆಂಟಿನ ಏರಿಳಿತ ತಡೆಯಲು ಹೆಬ್ಬೆರಳಿನ ಗಾತ್ರದ ಕೆಪಾಸಿಟರ್ ಕೂಡಿಸಿದ. ಬೇರೆ ಅಡಾಪ್ಟರ್ ಹಾಕಿದ. ದೀಪ ಕಣ್ಣಿಗೆ ಹುಡಿ ಬಿದ್ದವರ ಹಾಗೆ ಪಿಳಿಪಿಳಿ ಮಾಡುತ್ತಲೇ ಇತ್ತು.

ಈ ಪಿಳಿಪಿಳಿ ಕಿಟಕಿಯಿಂದ ಕಂಡು ಮೊದಲು ಒಳಗೆ ಬಂದವನು ಶಂಕರೆಪ್ಪ. ಗೋಡೆಯ ಆಚೆ ಬದಿಗೇ ಅವನ ಪಾವರ್‌ಲೂಮ್ ಶೆಡ್ಡು. ಮಗ್ಗಗಳನ್ನು ಆಳುಗಳಿಗೆ ಒಪ್ಪಿಸಿ ಓಣಿಯ ಕಷ್ಟಸುಖ ವಿಚಾರಿಸುವುದು ಅವನ ನಿತ್ಯದ ಕೆಲಸ. ಆ ಓಣಿಯಲ್ಲಿ ಗುಟ್ಟು ಹೇಳುವವರೂ ಕೂಗಿಯೇ ಹೇಳುತ್ತಾರೆ, ಅವನು ಅವರಿಗಿಂತ ಒಂದು ಸ್ವರ ಮೇಲೆ. ಇದು ಅರ್ಥಿಂಗಿನ ತಪ್ಪು ಎಂದು ಕೂಗಿದ. ಅರ್ಥಿಂಗ್ ಗುಂಡಿಗೆ ಉಪ್ಪುನೀರು ಬೀಳದೆ ಎಷ್ಟು ಕಾಲವಾಯಿತು ಎಂದು ಕೇಳಿದ. ಉತ್ತರಕ್ಕೆ ಕಾಯದೆ ಹಿತ್ತಲಿಗೆ ನಡೆದು, ದಾನೇಶ್ವರಿ ಉಪ್ಪಿನಕಾಯಿಗೆಂದು ತೆಗೆದಿಟ್ಟಿದ್ದ ಹರಳುಪ್ಪನ್ನು ಡಬ್ಬಿ ಸಮೇತ ಬೋರಲು ಹಾಕಿ, ಮೇಲೆ ಎರಡು ಕೊಡ ನೀರು ಸುರಿದ. ದೀಪಕ್ಕೆ ಉಪ್ಪಿನ ಋಣವೇನೂ ಹತ್ತಲಿಲ್ಲ. ದಾನೇಶ್ವರಿ ಖಾಲಿ ಡಬ್ಬಿಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

ಅಷ್ಟರಲ್ಲಿ ಮೋಟರ್ ರಿಪೇರಿಯ ರಾಚಪ್ಪ ಟೆಸ್ಟರ್ ಹಿಡಿದುಕೊಂಡು ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಜಗತ್ತಿನ ಎಲ್ಲ ರೋಗಕ್ಕೂ ಲೂಸ್ ಕನೆಕ್ಷನ್ನೇ ಮೂಲ ಎಂದು ನಂಬಿದ ಮನುಷ್ಯ. ಟೆಸ್ಟರಿನ ಹಿಡಿಕೆಯಿಂದ ಸರ್ಕಿಟ್ಟಿನ ತಲೆ, ಬೆನ್ನು, ಪಕ್ಕೆ ಕುಟ್ಟಿ ನೋಡಿದ. ಕೆಪಾಸಿಟರಿನ ಒಂದು ಕಾಲು ಮುರಿಯಿತು. ಮುರಿದ ಕಾಲು ಎಲ್ಲಿ ತಾಗಬಾರದೋ ಅಲ್ಲಿ ತಾಗಿ, ಮನೆಯ ಫ್ಯೂಜು ಹಾರಿ, ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ಅರೆಯುತ್ತಿದ್ದ ಮಿಕ್ಸರ್ ನಿಂತಿತು. ದಾನೇಶ್ವರಿ ಹೂರಣವನ್ನು ಒರಳಿಗೆ ಸುರಿದುಕೊಂಡು ಕೈಯಿಂದಲೇ ರುಬ್ಬತೊಡಗಿದಳು.

ಫ್ಯೂಜು ಕಟ್ಟಿದ್ದಾಯಿತು. ಬೆರಳು ಸುಟ್ಟುಕೊಂಡು ಮುರಿದ ಕಾಲನ್ನು ಬೆಸೆದದ್ದೂ ಆಯಿತು. ಪಿಳಿಪಿಳಿ ನಿಲ್ಲಲಿಲ್ಲ. ರಾಚಪ್ಪನಿಗೆ ಹೊಸ ವಿಚಾರ ಹೊಳೆಯಿತು: ಯಂತ್ರಕ್ಕೆ ಚಪ್ಪಾಳೆ ಯಾವುದೆಂದು ಇನ್ನೂ ಗುರುತು ಹತ್ತಿಲ್ಲ, ಎಲ್ಲರೂ ಒಂದೇ ತಾಳಕ್ಕೆ ತಟ್ಟಿ ರೂಢಿ ಮಾಡಿಸಬೇಕು. ಬೇಡ ಎನ್ನುವ ತ್ರಾಣವೂ ಗೌರೀಶನಲ್ಲಿ ಉಳಿದಿರಲಿಲ್ಲ. ಮೂವರು ಗಂಡಸರು ಬಲ್ಬಿನ ಎದುರು ನಿಂತು ತಟ್ಟತೊಡಗಿದರು.

ಎದುರು ಮನೆಯ ಕಾವೇರಿ ಅದನ್ನು ಕೇಳಿ ಭಜನೆ ಶುರುವಾಯಿತೆಂದು ತಿಳಿದು, ತಾಳ ಎತ್ತಿಕೊಂಡು, ದಾರಿಯಲ್ಲಿ ಸಿಕ್ಕ ನಾಲ್ಕು ಹೆಂಗಸರನ್ನೂ ಕರೆದುಕೊಂಡು ಬಂದಳು. ಬಂದವರು ಚಾಪೆ ಹಾಸಿಕೊಂಡು ಕೂತೇಬಿಟ್ಟರು. ಕೂತವರನ್ನು ಏಳಿ ಎನ್ನುವ ವಾಡಿಕೆ ಆ ಮನೆಯಲ್ಲಿಲ್ಲ. ಮೂರು ಪದ ಮುಗಿಯುವವರೆಗೆ ದೀಪ ಕುಣಿಯಿತು. ಇಷ್ಟು ಭಕ್ತಿಯುಳ್ಳ ಬಲ್ಬನ್ನು ತಾನು ಎಲ್ಲೂ ಕಂಡಿಲ್ಲ ಎಂದು ಕಾವೇರಿ ಕೈಮುಗಿದಳು. ಹೋಳಿಗೆಗೆ ಇಟ್ಟಿದ್ದ ಬೆಲ್ಲ ಎಲ್ಲರ ಚಹಾಕ್ಕೆ ಹೋಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೌರೀಶ ಕೊನೆಯ ಪ್ರಯತ್ನವೆಂದು ಅಡಾಪ್ಟರ್ ಕಿತ್ತೆಸೆದು ನಿನ್ನೆಯ ಬ್ಯಾಟರಿಯನ್ನೇ ಹಚ್ಚಿದ. ದೀಪ ಹತ್ತಿತು, ಆರಿತು, ಹತ್ತಿತು. ಅವನು ಟೇಬಲ್ಲಿಗೆ ತಲೆಯಿಟ್ಟು ಕೂತುಬಿಟ್ಟ. ಅದೇ ಬ್ಯಾಟರಿ, ಅದೇ ತಂತಿ, ಅದೇ ತಾನು. ನಿನ್ನೆ ಇದ್ದದ್ದು ಇವತ್ತು ಯಾವುದು ಇಲ್ಲ ಎಂದು ಎಷ್ಟು ಯೋಚಿಸಿದರೂ ತಲೆಗೆ ಹೊಳೆಯಲಿಲ್ಲ. ಸುಸ್ತಿನಿಂದ ಅಳು ಬರುವಂತಿತ್ತು. ಗುಜರಿಯವನ ತಕ್ಕಡಿಯಲ್ಲಿ ತನ್ನ ಮಲ್ಟಿಮೀಟರು ಹಳೆಯ ಕೊಡದ ಪಕ್ಕ ಕೂತ ಹಾಗೆ ಕಂಡಿತು.

ಸಂಜೆ ಆಟೋದಿಂದ ಇಳಿದ ಕಸ್ತೂರೆವ್ವ ಮಗಳ ಹೆಗಲು ಹಿಡಿದು ಮುಂದಿನ ಕೋಣೆಯ ಹೊಸ್ತಿಲು ದಾಟಿದವಳೇ ಎರಡೂ ಕಿವಿ ಮುಚ್ಚಿಕೊಂಡಳು. ಹಿಂದೆ ಬಂದಾಗಲೆಲ್ಲ ಅವಳು ಹಿಂಬದಿಯ ಅಡುಗೆಮನೆಯಲ್ಲಿ ಕೂತು ಉಂಡು, ಅದೇ ದಿನದ ಬಸ್ಸಿಗೆ ಮರಳಿದವಳು.

"ಏನವ ದಾನವ್ವ, ಏನಿದು ಖಟಾಖಟಾ? ಗೋಡ್ಯಾಗ ಯಾರರ ಮೊಳಿ ಬಡ್ಯಾಕತ್ತಾರೇನು?"

ಕೋಣೆಯಲ್ಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಶಂಕರೆಪ್ಪ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. ಕಾವೇರಿ ಕಿವಿಗೆ ಬೆರಳು ಹಾಕಿ ಅಲುಗಾಡಿಸಿಕೊಂಡಳು. ಯಾರಿಗೂ ಯಾವ ಸದ್ದೂ ಕೇಳಿಸುತ್ತಿರಲಿಲ್ಲ.

ಗೌರೀಶ ನಿಧಾನವಾಗಿ ತಲೆಯೆತ್ತಿದ. ಹುಟ್ಟಿದಂದಿನಿಂದ ಅವನು ಈ ಓಣಿಯವನು. ಮಗ್ಗದ ಸಪ್ಪಳ ಅವನಿಗೆ ತನ್ನ ಉಸಿರಿನಷ್ಟೇ ಕೇಳಿಸದ ಸಂಗತಿ. ಈಗ ಜೀವಮಾನದಲ್ಲಿ ಮೊದಲ ಸಲ ಉದ್ದೇಶಪಟ್ಟು ಕೇಳಿದ. ಗೋಡೆಯ ಆಚೆ ಲಾಳಿಗಳು ಖಟ್ ಖಟ್ ಎಂದು ಬಡಿಯುತ್ತಿದ್ದವು. ಒಂದೊಂದು ಬಡಿತವನ್ನೂ ಆ ಪಾಪದ ಮೈಕು ಚಪ್ಪಾಳೆ ಎಂದೇ ತಿಳಿದು ವಿಧೇಯವಾಗಿ ದೀಪ ಹಚ್ಚಿ ಆರಿಸುತ್ತಿತ್ತು. ನಿನ್ನೆ ಕರೆಂಟಿರಲಿಲ್ಲ, ಮಗ್ಗ ನಿಂತಿದ್ದವು. ಓಣಿಯಲ್ಲಿ ಯಾರಿಗೂ ಕೇಳಿಸದ್ದು ಕಡಲೆಕಾಳಿನಷ್ಟಿದ್ದ ಈ ಮೈಕೊಂದಕ್ಕೇ ಕೇಳಿಸಿತ್ತು.

ಅವನ ದಣಿವೆಲ್ಲ ಹಾರಿಹೋಯಿತು. ಮೈಕಿನ ಚುರುಕನ್ನು ಕಡಿಮೆ ಮಾಡಿ ನೋಡಿದರೆ ಅದು ಮಗ್ಗದ ಜೊತೆಗೆ ಚಪ್ಪಾಳೆಗೂ ಕಿವುಡಾಯಿತು. ಮತ್ತೆ ಮೊದಲಿನಂತೆ ತಿರುಗಿಸಿ, ಒಂದು ಗಳಿಗೆ ಮಗ್ಗ ನಿಲ್ಲಿಸು ಎಂದು ಶಂಕರೆಪ್ಪನ ಗದ್ದ ಹಿಡಿದ. ಶಂಕರೆಪ್ಪ ಗೊಣಗುತ್ತಲೇ ಹೋಗಿ ನಿಲ್ಲಿಸಿ ಬಂದ. ದೀಪ ತೆಪ್ಪಗಾಯಿತು. ಕಸ್ತೂರೆವ್ವ ಬಳೆಯ ಕೈಯಿಂದ ಮೆಲ್ಲಗೆ ಒಂದು ತಟ್ಟಿದಳು, ಹತ್ತಿತು. ಇನ್ನೊಂದು ತಟ್ಟಿದಳು, ಆರಿತು. ಮುದುಕಿ ಮಗುವಿನಂತೆ ನಕ್ಕಳು. ದಾನೇಶ್ವರಿಯ ಮುಖವೂ ಬೆಳಗಿನಿಂದ ಮೊದಲ ಸಲ ಸಡಿಲವಾಯಿತು. ಟೇಬಲ್ ಉಳಿಯಿತು ಎಂದು ಗೌರೀಶನ ಎದೆ ತುಂಬಿ ಬಂತು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಇಡೀ ದಿನ ಸೋತು ಕೂತಿದ್ದ ಮನುಷ್ಯ, ಎರಡು ಮಾತು ಆಡದೆ ಇರಲಾರದೆ ಹೋದ.

"ನೋಡ್ರಿ ಅತ್ತಿ, ತಪ್ಪು ನಂದಲ್ಲ, ಕೋಣೀದು. ಈ ಗದ್ದಲದಾಗ ಒಂದು ಬಲ್ಬಿಗಿ ಸೈತ ನೆಮ್ಮದಿ ಇಲ್ಲ."

ಕಸ್ತೂರೆವ್ವ ಗೋಡೆಯನ್ನು ನೋಡಿದಳು, ತನಗೆಂದು ಹಾಸಿಟ್ಟ ಹಾಸಿಗೆಯನ್ನು ನೋಡಿದಳು.

"ಬಲ್ಬಿಗೇ ನೆಮ್ಮದಿ ಇಲ್ಲಂದಮ್ಯಾಲ ನನಗ ಎಲ್ಲಿಂದ ಬರಬೇಕ್ರಿ ಅಳಿಯಾರ?"

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಅವ್ವ ಹಿಂದಿನ ನಮ್ಮ ಕೋಣೆಯಲ್ಲಿ ಮಲಗಲಿ, ನಾವಿಬ್ಬರೂ ಮಂಚ ಸಮೇತ ಮುಂದೆ ಬರೋಣ ಎಂದು ದಾನೇಶ್ವರಿ ಹೇಳಿದಳು. ಅವರ ಮಂಚವೋ, ಮದುವೆಯಲ್ಲಿ ಕಸ್ತೂರೆವ್ವನೇ ಪ್ರೀತಿಯಿಂದ ಮಾಡಿಸಿಕೊಟ್ಟ ಸಾಗವಾನಿಯ ಜೋಡಿಮಂಚ. ಅದು ಬಂದರೆ ಈ ಕೋಣೆಯಲ್ಲಿ ಬೇರೇನೂ ಹಿಡಿಯದು. ದೀಪ ಹತ್ತಿದರೆ ಟೇಬಲ್ ಇರಲಿ ಅಂದಿದ್ದೆಯಲ್ಲ ಎಂದು ಗೌರೀಶ ಕೇಳಿದ. ಅಂದದ್ದು ಖರೆ, ಆದರೆ ಮಂಚವನ್ನೇನು ಹೆಗಲ ಮೇಲೆ ಹೊತ್ತುಕೊಂಡು ಮಲಗುತ್ತೀರಾ ಎಂದು ಅವಳು ಕೇಳಿದಳು. ಬೆಳಗಿನಿಂದ ಒಂದೂ ಕೆಲಸ ಕೈಗೂಡದ ಶಂಕರೆಪ್ಪ, ರಾಚಪ್ಪ ಇಬ್ಬರೂ ಈ ಕೆಲಸಕ್ಕೆ ಹುರುಪಿನಿಂದ ಮುಂದಾದರು. ಟೇಬಲ್ ಅಂಗಳಕ್ಕೆ ಹೋಯಿತು, ದೀಪ ಕಿಟಕಿಯ ಹಲಗೆಯ ಮೇಲೆ ಕೂತಿತು, ಮಂಚ ಒಳಗೆ ಬಂತು. ರಾಚಪ್ಪ ಕೆಲಸ ಮುಗಿಯಿತೆಂದು ಕೈಯ ಧೂಳು ಬಡಿದುಕೊಂಡ. ದೀಪ ಜಗ್ಗನೆ ಹತ್ತಿತು. ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಶಂಕರೆಪ್ಪ ಹೋಗಿ ಮಗ್ಗ ಚಾಲೂ ಮಾಡಿದ. ಗೌರೀಶ ಬಲ್ಬು ಕಳಚಿಟ್ಟು ಮಂಚದ ಮೇಲೆ ಬಿದ್ದುಕೊಂಡ. ದೇಹದ ಎಲುಬೆಲುಬೂ ನಿದ್ದೆ ಬೇಡುತ್ತಿತ್ತು. ಕಣ್ಣು ಮುಚ್ಚಿದ. ತಲೆದಿಂಬಿನ ಹಿಂದೆಯೇ ಖಟ್ ಎಂದಿತು. ಮಗ್ಗುಲು ಬದಲಿಸಿದ. ಖಟ್. ದಿಂಬನ್ನು ಕಿವಿಯ ಮೇಲೆ ಇಟ್ಟುಕೊಂಡ. ದಿಂಬಿನೊಳಗಿಂದಲೂ ಖಟ್ ಖಟ್ ಖಟ್. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ಸದ್ದು, ಈಗ ಅದೊಂದೇ ಕೇಳಿಸುತ್ತಿತ್ತು. ಅವನು ಎದ್ದು ಕೂತ.

"ದಾನಿ, ಈ ಸಪ್ಪಳದಾಗ ಮನಷ್ಯಾ ಹೆಂಗ ಮಲಗೂದು?"

ದಾನೇಶ್ವರಿ ಹೊದಿಕೆ ಮಡಚುತ್ತಿದ್ದವಳು ನಿಂತು ಒಂದು ಕ್ಷಣ ಕಿವಿಗೊಟ್ಟಳು. ಅವಳೂ ಈ ಓಣಿಗೆ ಬಂದು ಬಹಳ ವರ್ಷಗಳಾಗಿದ್ದವು.

"ಯಾವ ಸಪ್ಪಳರೀ?" ಎಂದಳು.