ಕಾಯಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿ ಆರಿಸಿದ ತಾಳದ ಪೆಟ್ಟಿಗೆ

ಬನ್ರವ್ವಾ, ಹಿಂಗೆ ಕಂಬಕ್ಕೆ ಒರಗಿ, ಕಾಲು ನೀಡ್ಕೊಂಡು ಕೂತ್ಕೊಳ್ಳಿ. ನಮ್ಮನೆಗೆ ಯಾವ ಸಾಮಾನು ಬಂದರೂ ಅದರ ಬೆನ್ನಿಗೇ ಒಂದು ನಗೆಪಾಟಲು ಬರೋದು ವಾಡಿಕೆ. ಈಗ ಹೇಳೋದು ತಾಳದ ಪೆಟ್ಟಿಗೆ ಬಂದಾಗಿಂದು.

ಬಲಿತ ಪೆಟ್ಟಿಗೆ

ನನ್ನ ಸೊಸೆ ತೌರಲ್ಲಿ ಪಿಟೀಲು ಕಲಿತಿದ್ದವಳು. ಮದುವೆ, ಬಾಣಂತನ ಅಂತ ಬಿಟ್ಟಿದ್ದನ್ನ ಮತ್ತೆ ಶುರು ಮಾಡಿದಳು. ಕೈ ಚೆನ್ನಾಗಿತ್ತು. ಆದರೆ ನುಡಿಸೋವಾಗ ಒಲೆ ಮೇಲೆ ಹಾಲಿಟ್ಟು ಬಂದವಳ ಹಾಗೆ ತಾಳ ಬಿಟ್ಟು ಓಡೋಳು. ಪಾಠದ ಮೇಷ್ಟ್ರು, "ಕೀಲಿ ಕೊಡೋ ತಾಳದ ಪೆಟ್ಟಿಗೆ ತಗೊಂಡು ಸಾಧನೆ ಮಾಡಮ್ಮ. ಗೌರಿ ಹಬ್ಬಕ್ಕೆ ಬಂದು ಕೇಳ್ತೀನಿ. ಆಗಲೂ ಓಡಿದ್ರೆ ಪಾಠ ಸಾಕು" ಅಂದ್ಬಿಟ್ರು.

ನಾನೂ ಸೊಸೇನೂ ತಿಪಟೂರಿಗೆ, ಗಡಿಯಾರ ರಿಪೇರಿ ಸಾಬರ ಅಂಗಡಿಗೆ ಹೋದ್ವಿ. ಗೋಪುರದಂಥ ಮರದ ಪೆಟ್ಟಿಗೆ ಎರಡಿದ್ವು. ಎದುರಿಗೆ ಆಡೋ ಕಡ್ಡಿ, ಕಡ್ಡಿಗೊಂದು ಬಿಲ್ಲೆ. ಬಿಲ್ಲೆ ಮೇಲಿದ್ರೆ ನಿಧಾನ, ಕೆಳಗಿಳಿಸಿದ್ರೆ ಬಿರುಸು. ಸೊಸೆ ಹೊಳಪು ನೋಡ್ತಿದ್ದಳು. ನಾನು ಒಂದೊಂದನ್ನೇ ಕಿವಿ ಹತ್ರ ಹಿಡಿದು ಅಲ್ಲಾಡಿಸಿದೆ. ಒಂದು ಲೊಟಲೊಟ ಅಂತು. ಅಟ್ಟದ ಮೇಲಿನ ಕಾಯಿ, ಒಳಗೆ ಕೊಬ್ಬರಿ ಬಿಟ್ಕೊಂಡಾಗ ಹಂಗೇ ಅಲ್ವಾ ಅನ್ನೋದು?

"ಇದೇ ಕೊಡಿ ಸಾಬ್ರೇ, ಚೆನ್ನಾಗಿ ಬಲಿತಿದೆ."

ಸಾಬರು ಕನ್ನಡಕ ಒರೆಸ್ಕೊಂಡು, "ಅಮ್ಮಾ, ಅದು ಬಲಿತಿಲ್ಲ. ಒಳಗೆ ತಿರುಪು ಕಳಚಿದೆ" ಅಂದ್ರು.

ಕುಂಟ

ಲೊಟಲೊಟ ಅನ್ನದ್ದನ್ನೇ ತಂದು ನೆಲದ ಮೇಲಿಟ್ವಿ. ಸಗಣಿ ಸಾರಿಸಿದ ನೆಲ ಎಲ್ಲಿ ಸಮ ಇರ್ತದೆ? ಟಕ್ಟಕ್... ಟಕ್ಟಕ್... ಅಂತ ಕುಂಟೋಕೆ ಹತ್ತಿತು. ನಮ್ಮ ಯಜಮಾನ್ರು, "ಅತ್ತೆ ಸೊಸೆ ಹೋಗಿ ಕುಂಟೆಮ್ಮೆ ಹೊಡ್ಕೊಂಡು ಬಂದವ್ರೆ" ಅಂದ್ರು. ಕಿಟಕಿಯ ಕಲ್ಲಿನ ಮೇಲಿಟ್ಟೆ, ನೆಟ್ಟಗಾಯ್ತು.

ಯಜಮಾನ್ರು ಮಾತ್ರ ಎರಡು ದಿನ, ಯಾವ ಕಾಲು ಕುಂಟು ಅಂತ ಬಗ್ಗಿ ಬಗ್ಗಿ ನೋಡ್ತಿದ್ರು.

ಇಳಿಯೋ ಬಿಲ್ಲೆ

ನಾಲ್ಕು ದಿನಕ್ಕೆ ಸೊಸೆ ಕಣ್ಣು ತುಂಬ್ಕೊಂಡು ಬಂದಳು. "ನುಡಿಸ್ತಾ ನುಡಿಸ್ತಾ ಬಿಲ್ಲೆ ತಾನೇ ಇಳೀತದೆ ಅತ್ತೆ. ಪೆಟ್ಟಿಗೇನೂ ನನ್ನ ಹಂಗೇ ಓಡ್ತದೆ. ನಂಗೀ ಪಿಟೀಲೇ ಬೇಡ ಬುಡಿ."

ಕಿಟಕಿ ಆಚೆ, ಅಂಗಳದಲ್ಲಿ ನಮ್ಮ ಕಾಯಿ ಸುಲಿಯೋನು ಕಬ್ಬಿಣದ ಗೂಟಕ್ಕೆ ಕಾಯಿ ಕುಕ್ತಿದ್ದ. "ಅವ್ವಾ, ಅದನ್ನ ಒಳಕ್ಕಿಟ್ಕಳಿ" ಅಂದ. "ಅದು ಟಕ್ ಅಂದ್ರೆ ನನ್ ಕೈ ತಾನಾಗೇ ಕುಕ್ತದೆ. ಸಣ್ಣವ್ವಾರು ಕಣ್ಮುಚ್ಚಿ ನುಡಿಸೋವಾಗ ಯಜಮಾನ್ರು ಕಿಟಕೀಲಿ ಕೈ ಹಾಕಿ ಬಿಲ್ಲೆ ಇಳಿಸ್ತಾರೆ. ನನ್ ರಟ್ಟೆ ಬಿದ್ದೋಯ್ತು."

ಯಜಮಾನ್ರನ್ನ ಕೇಳಿದ್ರೆ, "ಬೇಗ ಕಾಯೂ ಮುಗೀಲಿ, ಪಾಠಾನೂ ಮುಗೀಲಿ ಅಂತ ಕಣೇ" ಅಂದ್ರು. ಪೆಟ್ಟಿಗೆ ಕಿಟಕೀಲೇ ಇತ್ತು, ಬಿಲ್ಲೆ ಮುಟ್ಟೋಕೆ ಮಾತ್ರ ಅವರನ್ನ ಬಿಡಲಿಲ್ಲ.

ಕೀಲಿ

ಹಬ್ಬಕ್ಕೆ ಮೇಷ್ಟ್ರು ಬಂದ್ರು. ಕಣ್ಣು ಮುಚ್ಚಿ ಕೂತ್ರು. ಸೊಸೆ ಶುರು ಮಾಡಿದಳು. ಗಾಬರೀಲಿ ಕೀಲಿ ಪೂರಾ ಕೊಟ್ಟಿರಲಿಲ್ಲ. ಅರ್ಧಕ್ಕೇ ಪೆಟ್ಟಿಗೆ ನಿಂತೋಯ್ತು. ಅವಳ ಕಮಾನು ಮತ್ತೆ ಓಡೋಕೆ ಹೊರಟಿತು.

ಆಚೆಯಿಂದ ಕಚಕ್... ಕಚಕ್... ಒಂದೇ ಸಮ ಕೇಳಿಸ್ತಿತ್ತು. ಕಾಯಿ ಸುಲಿಯೋನ ಕೈಗೆ ಪೆಟ್ಟಿಗೆಯ ಆ ನಡೆ ಕೂತುಬಿಟ್ಟಿತ್ತು. ಸೊಸೆ ಅದನ್ನೇ ಹಿಡ್ಕೊಂಡು, ಎಲ್ಲೂ ಓಡದೆ, ಕೊನೇ ತನಕ ನುಡಿಸಿದಳು.

ಮೇಷ್ಟ್ರು ಕಣ್ಣು ಬಿಡದೇನೇ, "ಪಾಠ ಮುಂದುವರಿಸೋಣಮ್ಮ. ಪೆಟ್ಟಿಗೆ ಒಳ್ಳೇದು ಸಿಕ್ಕಿದೆ" ಅಂದ್ರು.

ಕಿಟಕೀಲಿ ಕಾಯಿ ಸುಲಿಯೋನ ತಲೆ ಕಾಣಿಸ್ತು. "ಪೆಟ್ಟಿಗೆಗೆ ಮುದ್ದೆ ಹೊತ್ತಾಯ್ತು ಬುದ್ಧಿ. ಇನ್ನು ಕೀಲಿ ಕೊಟ್ರೇನೇ ಆಡೋದು."

ಸಾಬರ ಅಂಗಡಿ ಈಗ ಮಗ ನೋಡ್ಕೊಳ್ತಾನೆ. ಮೇಷ್ಟ್ರು ತೀರ್ಕೊಂಡ್ರು. ಅವರ ಶಿಷ್ಯರಿಗೆ ಈಗ ನಮ್ಮ ಸೊಸೇನೇ ಪಾಠ ಹೇಳ್ತಾಳೆ. ಕಾಯಿ ಸುಲಿಯೋನಿಗೆ ರಟ್ಟೆ ಸೋತಿದೆ, ಜಗಲಿ ಮೇಲೆ ಕೂತು ಮಕ್ಕಳಿಗೆ ತಾಳ ಹಾಕ್ತಾನೆ. ಯಜಮಾನ್ರೂ ಹೋದ್ರು. ಕೊನೆಕೊನೆಗೆ, ಸೊಸೆ ಕಣ್ಮುಚ್ಚಿ ನುಡಿಸೋವಾಗ ಅವರ ಕೈ ಮತ್ತೆ ಕಿಟಕೀಲಿ ಬರೋದು. ಬಿಲ್ಲೆ ಮೇಲಕ್ಕೆ ಸರಿಸೋರು.

"ಬೇಗ ಮುಗೀದೆ ಇರ್ಲಿ ಕಣೇ" ಅನ್ನೋರು.