ಮಾವನವರನ್ನು ಕಂದು ಮಾಡಿದ್ದು

ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಹುಣಸೂರಿನ ನಮ್ಮ ಮನೆಯಲ್ಲಿ, ಕುಂಕುಮ ಇಟ್ಟಿದ್ದ ಪ್ರಿಂಟರ್‌ನಿಂದ ನನ್ನ ಮಾವನವರು ಹಸಿರು ಬಣ್ಣದಲ್ಲಿ ಹೊರಬಂದರು. ಪಕ್ಕದಲ್ಲಿ ಮದುವಣಗಿತ್ತಿ ಅತ್ತೆಯೂ ಹಸಿರೇ. “ಪೂಜೆ ಮಾಡಿದ್ ಮಿಷನ್ ಮುಟ್ಬೇಡಿ ಅಂದ್ರೆ ಕೇಳಿದ್ರಾ?” ಎಂದಳು ಹೆಂಡತಿ.

ಅವರ ಮದುವೆಯದೆಂದು ಇರುವುದು ಆ ಒಂದೇ ಕಪ್ಪು–ಬಿಳುಪು ಫೋಟೊ. ಬಾಮೈದ ಶಿವಣ್ಣ ಹನಗೋಡಿನಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ಅದನ್ನು ದೊಡ್ಡದು ಮಾಡಿಸಿ ತರುತ್ತೇನೆಂದು ಅವಳು ಇಡೀ ಬಳಗಕ್ಕೆ ಹೇಳಿಯಾಗಿತ್ತು. ಸ್ಟುಡಿಯೋ ಯಾಕೆ, ಹಳೆಯ ಫೋಟೊಗಳ ಆ ಕಂದು ಛಾಯೆಯನ್ನು ಮನೆಯಲ್ಲೇ ತರುತ್ತೇನೆ ಎಂದವನು ನಾನು. ಪಣಕ್ಕಿಟ್ಟ ಮರ್ಯಾದೆ ಮಾತ್ರ ಅವಳದು.

ಬೇಕಾದ ಕಂದು ಶಾಯಿ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ. ಕಪ್ಪು ಶಾಯಿಗೆ ಹಳದಿ, ಗುಲಾಬಿ ಶಾಯಿಗಳನ್ನು ಸಿರಿಂಜಿನಲ್ಲಿ ಹನಿಹನಿಯಾಗಿ ಬೆರೆಸಬೇಕು. ಹಳದಿ ಹೆಚ್ಚಾದರೆ ಮದುಮಗ ಹಸಿರು, ಗುಲಾಬಿ ಹೆಚ್ಚಾದರೆ ಬೀಟ್‌ರೂಟ್. ಯಾವ ಕಂದು ಎಂದು ತೀರ್ಮಾನಿಸಲು ಮಾದರಿಯೊಂದು ಬೇಕಿತ್ತು. ಮೂಲವಿಲ್ಲದೆ ಏನನ್ನೂ ಅಚ್ಚು ಹಾಕಬಾರದು ಎಂಬುದು ಪತ್ರಿಕೆಯ ಕೆಲಸದಲ್ಲಿ ನಾನು ಕಲಿತ ಪಾಠ. ಶಿವಣ್ಣ ಹೊಗೆಸೊಪ್ಪಿಗೆ ಕಾವು ಕೊಟ್ಟು ಹದ ಮಾಡುವ ಬ್ಯಾರನ್‌ನಿಂದ ಆಗಷ್ಟೇ ಇಳಿಸಿದ್ದ, ಹೊಂಬಣ್ಣ ಬೆರೆತ ಕಂದು ಎಲೆಯೊಂದನ್ನು ತಂದು ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿದೆ. ದಿನವೂ ಒಂದು ಪ್ರತಿ ತೆಗೆದು ಎಲೆಯ ಪಕ್ಕ ಹಿಡಿಯುತ್ತಿದ್ದೆ. ದಿನವೂ ಎಲೆಯೇ ಒಂದು ಕೈ ಮುಂದೆ. ಮತ್ತೆ ಬೆರೆಸುತ್ತಿದ್ದೆ. ಕುಕ್ಕರಿನ ಆವಿ ಕುಡಿದು ಎಲೆ ತಾನೇ ಕಪ್ಪಾಗುತ್ತಿದೆ, ನನ್ನ ಮೂಲ ದಿನಕ್ಕೊಂದು ಹೇಳಿಕೆ ಕೊಡುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಫೋಟೊಗೆ ಕಟ್ಟು ಹಾಕಿಸಿ ಆಗಿತ್ತು. ಗೃಹಪ್ರವೇಶ ಮರುದಿನವೇ.

ಯಾರಾದರೂ ಕೇಳಿದರೆ ಸಾಕ್ಷಿಗಿರಲಿ ಎಂದು ಎಲೆಯನ್ನೂ ಕವರಿನಲ್ಲಿ ಹಾಕಿಕೊಂಡು ಹೋದೆ. ಹಜಾರದಲ್ಲಿ ಫೋಟೊ ಬಿಚ್ಚಿದಾಗ ಮೊದಲು ಬಾಯಿಬಿಟ್ಟವನು ಶಿವಣ್ಣ. “ಭಾವ, ಅಪ್ಪುನ್ನ ಬ್ಯಾರನ್ನಲ್ಲಿ ಒಂದಿನ ಜಾಸ್ತಿನೇ ಬುಟ್ಟಿದ್ದೀರಿ ಕಣ್ರೀ. ಹರಾಜಲ್ಲಿ ಈ ಬಣ್ಣುಕ್ಕೆ ಯಾರೂ ಕೂಗಾಕಿಲ್ಲ!” ಬಳಗ ನಕ್ಕಿತು. ಹೆಂಡತಿ ಹೊಸ ಮನೆಯ ಟೈಲ್ಸ್ ನೋಡತೊಡಗಿದಳು.

ಅಷ್ಟರಲ್ಲಿ ಅತ್ತೆ ಕನ್ನಡಕ ಒರೆಸಿಕೊಂಡು ಹತ್ತಿರ ಬಂದರು. “ನೋಡ್ರಲಾ, ನನ್ ಧಾರೆ ಸೀರೆ! ಕಾಪಿ ಬಣ್ಣ ಕಣ್ರಲಾ ಅಂತ ಎಷ್ಟ್ ಬಡ್ಕಂಡ್ರೂ ಯಾರಾರ ನಂಬುದ್ರಾ? ಅಳಿಯಂದ್ರು ಕಂಡಿಡಿದವ್ರೆ.”

“ನಿನ್ ಸೀರೆ ಸರಿ ಕಣಮ್ಮಿ, ನನ್ ಬಿಳೀ ಪಂಚೆನೂ ಕಾಪಿಗೆ ಅದ್ದವ್ರಲ್ಲ!” ಎಂದರು ಮಾವ.

“ಅವತ್ತೂ ಅಂಗೇ ಇತ್ತು ಬುಡಿ. ಒಗಿಸ್ದೆ ಉಟ್ಕಂಡ್ ಬಂದಿದ್ರಿ.”

ಮೊಳೆ ಹೊಡೆದು ಫೋಟೊ ನೇತುಹಾಕಲಾಯಿತು. ಹೆಂಡತಿ ತಲೆಯೆತ್ತಿದಳು. ಊಟದ ನಂತರ ಸಾಲಿಗ್ರಾಮದ ಚಿಕ್ಕತ್ತೆ, ಅಂದರೆ ಅತ್ತೆಯ ತಂಗಿ, ತಮ್ಮ ಮದುವೆ ಫೋಟೊವೂ ಇದೇ ಬಣ್ಣದಲ್ಲಿ ಬೇಕು, ಒಂದು ಚೂರೂ ಹೆಚ್ಚುಕಡಿಮೆ ಆಗಬಾರದು ಎಂದರು. ಹೆಂಡತಿ ನನ್ನನ್ನು ಕೇಳದೆಯೇ ಒಪ್ಪಿಕೊಂಡಳು. ಯಾವ ಶಾಯಿ ಎಷ್ಟು ಹನಿ ಎಂದು ನಾನು ಬರೆದಿಟ್ಟಿಲ್ಲ. ಕವರಿನಲ್ಲಿದ್ದ ಎಲೆಯನ್ನು ಅಷ್ಟರಲ್ಲಿ ಮಾವನವರು ಎಲೆಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡಿದ್ದರು.