ಬೈಸಿಕೊಂಡ ಮಿಕ್ಸಿ

ಮಿಕ್ಸಿ ಮುಚ್ಚಳ ಹಾರಿ ಚಟ್ನಿಯೆಲ್ಲ ಗೋಡೆಗೆ ಬಡಿದಾಗ, ಹೆಂಡತಿಯನ್ನು ಬಿಟ್ಟು ಮಿಕ್ಸಿಗೆ ಬೈಯುವ ಗಂಡಸನ್ನು ಎಲ್ಲಾದರೂ ನೋಡಿದ್ದೀರಾ? ಚಿತ್ತವಾಡ್ಗಿಗೆ ಬನ್ನಿ, ತೋರಿಸುತ್ತೇನೆ. ನಮ್ಮ ಯಜಮಾನರು! ಫೋನಿನಲ್ಲಿ ಟೈಪು ಮಾಡಲು ಈಗಷ್ಟೇ ಕಲಿತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ನೀವೂ ಫೋನಿಗೇ ಬೈಯಿರಿ.

ಇವರು ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿದ್ದರು. ಕ್ವಾರ್ಟರ್ಸಿಗೆ ಹೊಸ ಸಾಮಾನು ಏನೇ ಬರಲಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, "ನೀ ಮಾಡು, ನಾ ನೋಡ್ತೀನಿ" ಎನ್ನುವರು. ಹೊಸದರಲ್ಲಿ ನಾನು ನಾಚಿ ನೀರಾಗಿದ್ದೆ. ಆಮೇಲೆ ಗೊತ್ತಾಯಿತು, ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಕೈಯನ್ನು!

ಚಟ್ನಿ ಹಾರಿದ ದಿನ "ನನ್ನ ಕೈಗಿಷ್ಟು ಬೆಂಕಿ ಹಾಕ" ಎಂದು ಅಳುತ್ತಿದ್ದೆ.

"ಕೈಗ್ಯಾಕ ಬೈತಿ? ಮುಚ್ಚಳ ಸರಿ ಕುಂತೈತೋ ಇಲ್ಲೋ ಅಂತ ಕಾಣಂಗೇ ಇಲ್ಲ. ತಪ್ಪು ಮಿಕ್ಸಿದು!"

ಜಾರಿಗೂ ಮುಚ್ಚಳಕ್ಕೂ ಕೆಂಪು ಗೆರೆ ಬಳಿದರು. ಎರಡು ಗೆರೆ ಕೂಡಿದರೆ ಸ್ವಿಚ್ಚು ಹಾಕು, ಇಲ್ಲದಿದ್ದರೆ ಇಲ್ಲ. ಅಷ್ಟೇ!

ಹೊಸಪೇಟೆಯ ಹೋಟೆಲೊಂದರಲ್ಲಿ ತಳ್ಳುವ ಬಾಗಿಲಿಗೆ ಹಿಡಿಕೆ ಹಚ್ಚಿದ್ದರು. ಬಂದವರೆಲ್ಲ ಹಿಡಿದು ಜಗ್ಗುವುದನ್ನೇ ನೋಡುತ್ತ ಇವರು ದೋಸೆ ತಣ್ಣಗೆ ಮಾಡಿಕೊಂಡರು. ಕೊನೆಗೆ ಗಲ್ಲಾದ ಮುಂದೆ ನಿಂತು, "ಹಿಡಿಕಿ ಕಂಡ್ರ ಮಂದಿ ಜಗ್ಗಾದ ರೀ. ತಗೀರಿ ಅದನ್ನ" ಎಂದರು.

"ಸಾಹೇಬ್ರ, ದೋಸಿ ಹೆಂಗಿತ್ತು, ಅದನ್ನ ಹೇಳ್ರಿ!"

ಈಗ ಮೊಮ್ಮಗಳಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅದೇ ನೌಕರಿ! ಯಂತ್ರದ ಪರದೆಯನ್ನು ಕೆಲಸಗಾರರ ಮುಂದಿಟ್ಟು, ಅವರು ಎಲ್ಲಿ ತಡವರಿಸುತ್ತಾರೆಂದು ಸುಮ್ಮನೆ ಕೂತು ನೋಡುವುದು. ಅದಕ್ಕೆ ಕೋರ್ಸು ಬೇರೆ. ಆ ಕಸುಬಿನವರೆಲ್ಲ ಸೇರಿ ಹೊಸದು ಕಲಿಯಲು ಹೊಸಪೇಟೆಯಲ್ಲಿ ಸಭೆ ನಡೆಸುತ್ತಾರಂತೆ.

"ಅಜ್ಜಾ, ಈ ಸಲ ನೀನೇ ಮಾತಾಡ್ಬೇಕು" ಎಂದಳು. ಇವರು ಕನ್ನಡಿ ಮುಂದೆ ನಿಂತು ಮಾತು ರೂಢಿ ಮಾಡಿಕೊಂಡರು.

ಆದರೆ ಹೋದ ವರ್ಷ ಲಕ್ವ ಹೊಡೆದ ಮೇಲೆ ಬಲಗೈ ಹೇಳಿದ ಮಾತು ಕೇಳುವುದಿಲ್ಲ. ಸಭೆಯ ದಿನ ಅಂಗಿಯ ಮೊದಲ ಗುಂಡಿಯೇ ಕೂರಲಿಲ್ಲ. ನಾನು ಹಾಕಹೋದರೆ ಕೈ ಸರಿಸಿದರು. ಮಂಚದ ಮೇಲೆ ಕುಸಿದು, "ಗುಂಡಿ ಹಾಕ್ಕೊಳಾಕ ಬರ್ದವ ಮಂದಿಗೆ ಏನ್ ಹೇಳ್ತಾನ? ಬರಂಗಿಲ್ಲ ಅನ್ನು ಆಕಿಗೆ" ಎಂದರು.

ನಾನು ಟ್ರಂಕಿನಿಂದ ಇನ್ನೊಂದು ಅಂಗಿ ತೆಗೆದೆ. ಇವರಿಗೆ ಗೊತ್ತಾಗದ ಹಾಗೆ ಗುಂಡಿಯ ಹಿಂದೆ, ಮಕ್ಕಳ ಬೂಟಿಗಿರುತ್ತದಲ್ಲ, ಆ ಚರ್ರೆಂದು ಅಂಟುವ ಪಟ್ಟಿ ಹೊಲಿದಿಟ್ಟಿದ್ದೆ. ಕೂಡುವ ಕಡೆ ಎರಡೂ ಅಂಚಿಗೆ ಕೆಂಪು ದಾರ. ಸ್ಟೂಲು ಎಳೆದು ಎದುರಿಗೆ ಕೂತೆ.

"ತಪ್ಪು ನಿಮ್ದಲ್ರಿ, ಅಂಗೀದು. ಇದನ್ನ ಹಾಕ್ಕೋರಿ, ನಾ ನೋಡ್ತೀನಿ."

ಕೆಂಪು ದಾರವನ್ನು ಸವರಿ ನೋಡಿದರು. ಎಡಗೈಯಲ್ಲೇ ಕೆಂಪಿಗೆ ಕೆಂಪು ಕೂಡಿಸಿ ಒತ್ತಿದರು. ಅಂಟಿತು. ಮತ್ತೊಂದು. ನನ್ನ ಕಣ್ಣು ಮಂಜಾಗಿತ್ತು. ಕೊನೆಯ ಪಟ್ಟಿ ಒತ್ತಿ, ತಲೆಯೆತ್ತಿ ನನ್ನನ್ನು ಗದರಿದರು:

"ಕೈ ನೋಡ್ಲೇ ಹುಚ್ಚಿ! ಮಾರಿ ಏನ್ ನೋಡ್ತಿ?"